ಸೂಜಿ ಎಣಿಸುವ ಮನೆಯವಳು

ರಾತ್ರಿ ಅಂಗಡಿಗೆ ಕೀಲಿ ಹಾಕುವ ಮೊದಲು ಅಪ್ಪ ಸೂಜಿ ಎಣಿಸುತ್ತಿದ್ದರು. ಗದಗಿನ ಬಜಾರಿನಲ್ಲಿ ನಮ್ಮದು ಎರಡು ಮಷೀನಿನ ಹೊಲಿಗೆ ಅಂಗಡಿ. ಕಾಜ ಮಾಡುವ ಸೂಜಿ, ತುರಪಾಯಿ ಸೂಜಿ, ಕೋಟಿನ ಅಸ್ತರಕ್ಕೆಂದೇ ಇದ್ದ ಉದ್ದನೆಯದು, ಗಾದಿ ಹೊಲಿಯುವ ದಬ್ಬಣ, ಎಲ್ಲವೂ ಹತ್ತಿ ತುಂಬಿದ ಕೆಂಪು ಬಟ್ಟೆಯ ಉಂಡೆಯಲ್ಲಿ ಮೊನೆ ಹುದುಗಿಸಿಕೊಂಡು ಕೂತಿರುತ್ತಿದ್ದವು. ಒಂದು ಕಡಿಮೆ ಬಂತೋ, ನಾನೂ ಅಣ್ಣನೂ ಲಾಳಾಕಾರದ ಅಯಸ್ಕಾಂತ ಹಿಡಿದು ನೆಲವೆಲ್ಲ ಸವರಬೇಕು. ಸಿಕ್ಕ ಮೇಲೇ ಊಟ. ಯಾರದೋ ಮದುವೆಯ ಕೋಟಿನೊಳಗೆ ಸೂಜಿ ಉಳಿದುಬಿಟ್ಟರೆ ಎಂಬ ಅಂಜಿಕೆಯಿಂದ ಅಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ.

ಹೀಗಾಗಿ ಹೋದ ವರ್ಷ ಎಡ ಮೊಣಕಾಲಿಗೆ ಚೀನೀ ಸೂಜಿ ಹಾಕಿಸಿಕೊಳ್ಳಲು ಮಲಗಿದಾಗ ನನಗೆ ಭಯಕ್ಕಿಂತ ಮೊದಲು ಬಂದದ್ದು ಕುತೂಹಲ. "ಒಂದು ಸೂಜಿ ತೋರಿಸವ್ವಾ" ಎಂದೆ. ಡಾಕ್ಟರು ಮೂವತ್ತು ದಾಟದ ಹುಡುಗಿ. ಪ್ರಕೃತಿ ಚಿಕಿತ್ಸೆಯ ಐದೂವರೆ ವರ್ಷದ ಪದವಿ ಓದಿದವಳು. ಆ ಓದಿನಲ್ಲಿ ಅಕ್ಯುಪಂಕ್ಚರ್ ಕೂಡ ಒಂದು ಪಾಠ. ಕಾಗದದ ಪೊಟ್ಟಣ ಹರಿದು ಅಂಗೈಗಿಟ್ಟಳು. ಹಿಡಿಗೆ ತಾಮ್ರದ ತಂತಿ ಸುತ್ತಿದ್ದಾರೆ, ಮೈ ಉಕ್ಕಿನದು, ದಪ್ಪ ಕಾಲು ಮಿಲಿಮೀಟರ್. ಅಪ್ಪನ ಕಾಜದ ಸೂಜಿ ಇದರ ಎರಡು ಪಟ್ಟಿಗಿಂತ ದಪ್ಪ. ಇಂಜೆಕ್ಷನ್ನಿನ ಸೂಜಿ ಒಳಗೆ ಪೊಳ್ಳು, ಮೊನೆಯನ್ನು ಓರೆಯಾಗಿ ಸೀಳಿರುತ್ತಾರೆ, ಅದು ಮಾಂಸವನ್ನು ಕತ್ತರಿಸುತ್ತ ಹೋಗುತ್ತದೆ. ಇದು ಗಟ್ಟಿ ತಂತಿ, ಮೊನೆ ತುಸು ಮೊಂಡು, ಎಳೆಗಳನ್ನು ಪಕ್ಕಕ್ಕೆ ಸರಿಸುತ್ತ ಹೋಗುತ್ತದೆ. ಬಗ್ಗಿಸಿ ನೋಡಿ ವಾಪಸ್ ಕೊಟ್ಟೆ. "ಇದನ್ನ ಇನ್ನ ನಿಮಗ ಹಾಕೂ ಹಂಗಿಲ್ಲರಿ, ಕೈ ಹತ್ತಿತು" ಎಂದು ಬಿಳಿ ಡಬ್ಬಿಗೆ ಎಸೆದಳು. ಅಷ್ಟರಲ್ಲೇ ನನಗೆ ಅವಳ ಮೇಲೆ ನಂಬಿಕೆ ಬಂತು.

ಗೋಡೆಯ ಮೇಲಿನ ಫಲಕದ ಮೇಲೆ ಮಾತ್ರ ಬರಲಿಲ್ಲ. '5000 ವರ್ಷಗಳ ಪ್ರಾಚೀನ ವಿದ್ಯೆ' ಎಂದು ಬರೆದಿದ್ದರು. ಮೂವತ್ತೊಂದು ವರ್ಷ ಧಾರವಾಡದಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಕಲಿಸಿದವಳು ನಾನು. ಇಂಥ ಸೊನ್ನೆಗಳನ್ನು ಕಂಡರೆ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಿರಬೇಕಲ್ಲ, ಆ ಹೊತ್ತೆಲ್ಲ ಅದೇ ಯೋಚನೆ. ಆಮೇಲೆ ತಿಂಗಳುಗಟ್ಟಲೆ ಓದಿದೆ. ಹೊಸದಾಗಿ ಮಲಗಲು ಹೊರಟವರಿಗೆ ನಾನು ಹೇಳಬೇಕಾದದ್ದು ಇಷ್ಟು: ನಿಮ್ಮ ಮೈಗೆ ಇಳಿಯುವ ಸೂಜಿ ಚಕ್ರವರ್ತಿಗಳ ಕಾಲದ್ದಲ್ಲ. ಅದರ ಹೆಸರು ಹಳೆಯದು, ಅದು ಇಳಿಯುವ ಬಿಂದುವಿನ ಹೆಸರೂ ಹಳೆಯದು. ಆದರೆ ಅದನ್ನು ಈಗಿನಂತೆ ಹಾಕಲು ಶುರುಮಾಡಿ ನೂರು ವರ್ಷವೂ ಆಗಿಲ್ಲ. ಹಾಗಿರುವುದೇ ನಿಮಗೆ ಒಳ್ಳೆಯದು.

ಚೀನದ ಹೂನಾನ್ ಪ್ರಾಂತದ ಚಾಂಗ್‌ಶಾ ಊರ ಹತ್ತಿರ ಮಾವಾಂಗ್‌ದುಯ್ ಎಂಬಲ್ಲಿ 1973ರಲ್ಲಿ ಒಂದು ಗೋರಿ ತೆರೆದರು. ಕ್ರಿ.ಪೂ. 168ರಲ್ಲಿ ಮುಚ್ಚಿದ್ದು. ಒಳಗೆ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳಿದ್ದವು. ಮೈಯೊಳಗೆ ಹರಿಯುವ ಹನ್ನೊಂದು ನಾಳಗಳನ್ನು ಅವು ವರ್ಣಿಸುತ್ತವೆ. ಯಾವ ನಾಳ ಕೆಟ್ಟರೆ ಯಾವ ನೋವು, ಆಗ ಏನು ಮಾಡಬೇಕು ಎಂಬುದೂ ಇದೆ. ಮಾಡಬೇಕಾದದ್ದು ಸುಡುವುದು. ಸೂಜಿಯ ಮಾತೇ ಇಲ್ಲ. ನಾಳಗಳ ಕಲ್ಪನೆ ಮೊದಲು ಬಂದಿದೆ, ಬೆಂಕಿ ಅದರ ಜೊತೆಗಿದೆ, ಸೂಜಿ ಆಮೇಲೆ ಸೇರಿಕೊಂಡಿದೆ.

ಚೀನೀಯರು ಈ ವಿದ್ಯೆಗೆ ಇಂದಿಗೂ ಅನ್ನುವುದು 'ಝೆನ್‌ಜಿಯು'. ಝೆನ್ ಎಂದರೆ ಸೂಜಿ, ಜಿಯು ಎಂದರೆ ಸುಡುವುದು. ಸುಡಲು ಬಳಸುವ ಎಲೆಗೆ ಅಲ್ಲಿ 'ಆಯ್' ಎಂದು ಹೆಸರು. ಒಣಗಿಸಿ, ಕುಟ್ಟಿ, ಹತ್ತಿಯಂತೆ ಮೆತ್ತಗೆ ಮಾಡಿ, ಬಿಂದುವಿನ ಮೇಲೋ ಹತ್ತಿರವೋ ಹಿಡಿದು ಉರಿಸುತ್ತಾರೆ. ಐದನೇ ತಿಂಗಳ ಐದನೇ ದಿನದ ಹಬ್ಬಕ್ಕೆ ಅದೇ ಸೊಪ್ಪನ್ನು ಬಾಗಿಲಿಗೆ ಕಟ್ಟುತ್ತಾರೆ. ಅದರ ಕುಲ ಹುಡುಕಿದಾಗ ನಾನು ಒಬ್ಬಳೇ ನಕ್ಕೆ. ನಮ್ಮ ದವನ, ಗಣಪತಿಗೆ ಏರಿಸುವ ಮಾಚಿಪತ್ರೆ, ಎರಡೂ ಅದೇ ಕುಲದವು, ದಾಯಾದಿಗಳು. ಸುಡುವುದಂತೂ ನಮಗೆ ಹೊಸದಲ್ಲ. ಕಾಮಾಲೆಗೆ ಮುಂಗೈ ಮೇಲೆ ಬರೆ ಹಾಕಿಸಿಕೊಂಡ ಗುರುತು ನಮ್ಮ ದೊಡ್ಡವ್ವನಿಗೆ ಕೊನೆವರೆಗೂ ಇತ್ತು. ನಮ್ಮ ಬರೆ ಚೀನದಿಂದ ಬಂತು, ಅವರ ವಿದ್ಯೆ ನಮ್ಮಿಂದ ಹೋಯಿತು ಎಂದೆಲ್ಲ ಕಟ್ಟುವುದು ಸುಲಭ. ಅಂಥದ್ದಕ್ಕೆ ನಾನು ಪರೀಕ್ಷೆಯಲ್ಲಿ ಅಂಕ ಕೊಟ್ಟವಳಲ್ಲ. ನೋಯುವ ಕಡೆ ಬಿಸಿ ಮುಟ್ಟಿಸಬೇಕು ಅಂತ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸೂಜಿ ಗ್ರಂಥಕ್ಕೆ ಬರುವುದು 'ಹ್ವಾಂಗ್‌ದಿ ನೈಜಿಂಗ್'ನಲ್ಲಿ. ಪೀತ ಚಕ್ರವರ್ತಿ ಎಂಬ ಪುರಾಣಪುರುಷ ತನ್ನ ಮಂತ್ರಿಗಳನ್ನು ಪ್ರಶ್ನೆ ಕೇಳುವ ರೂಪದ ಗ್ರಂಥ ಇದು. ಗೋಡೆಯ ಮೇಲಿನ 5000 ಬಂದದ್ದು ಈ ಚಕ್ರವರ್ತಿಯ ವಯಸ್ಸಿನಿಂದ. ಗ್ರಂಥವನ್ನು ಸೇರಿಸಿದ್ದು ಸುಮಾರು ಎರಡು ಸಾವಿರ ವರ್ಷದ ಹಿಂದೆ, ಹಾನ್ ವಂಶದ ಕಾಲದಲ್ಲಿ. ಅದರ ಎರಡನೆಯ ಭಾಗ 'ಲಿಂಗ್‌ಶು' ಒಂಬತ್ತು ಸೂಜಿಗಳನ್ನು ಅಳತೆ ಸಮೇತ ಹೇಳುತ್ತದೆ. ಆ ಪಟ್ಟಿ ಓದುತ್ತಿದ್ದರೆ ನನಗೆ ಅಪ್ಪನ ಕೆಂಪು ಉಂಡೆ ಕಣ್ಣ ಮುಂದೆ ಬಂತು. ಒಂದು ಕತ್ತಿಯಂತೆ ಅಗಲ, ಅದು ಕೀವು ತೆಗೆಯಲು. ಒಂದರ ತುದಿ ದುಂಡಗೆ, ಅದು ಚುಚ್ಚುವುದೇ ಇಲ್ಲ, ತಿಕ್ಕುತ್ತದೆ. ಒಂದು ರಕ್ತ ಬಿಡಲು. ಒಂದು ಏಳು ಚೀನೀ ಅಂಗುಲ, ಅಂದರೆ ಗೇಣಿಗಿಂತ ಕಡಿಮೆ. ಇನ್ನೊಂದು ಕೀಲಿನಲ್ಲಿ ತುಂಬಿದ ನೀರು ಹರಿಸುವ ದೊಡ್ಡ ಸೂಜಿ, ಸಾಕ್ಷಾತ್ ದಬ್ಬಣ. ಒಂಬತ್ತರಲ್ಲಿ ಒಂದೇ ಒಂದು, ಕೂದಲಿನಂಥದ್ದು, ಅದರ ಮೊನೆಯನ್ನು ಗ್ರಂಥ ಸೊಳ್ಳೆಯ ಸೊಂಡಿಲಿಗೆ ಹೋಲಿಸುತ್ತದೆ. ಇವತ್ತು ಜಗತ್ತಿನ ಚಿಕಿತ್ಸಾಲಯಗಳಲ್ಲಿ ಉಳಿದಿರುವುದು ಹೆಚ್ಚಾಗಿ ಅದೊಂದೇ. ಉಳಿದ ಎಂಟರ ಕೆಲಸ ಬಹುಪಾಲು ಶಸ್ತ್ರವೈದ್ಯರ ಪಾಲಿಗೆ ಹೋಯಿತು.

ಆ ಕಾಲದ ನಿಜವಾದ ಸೂಜಿಗಳೂ ಸಿಕ್ಕಿವೆ. ಹಬೈ ಪ್ರಾಂತದ ಮಾನ್‌ಚಂಗ್‌ನಲ್ಲಿ 1968ರಲ್ಲಿ ತೆರೆದ ಲಿಯು ಶಂಗ್ ಎಂಬ ರಾಜಕುಮಾರನ ಗೋರಿಯಲ್ಲಿ ನಾಲ್ಕು ಚಿನ್ನದ್ದು, ಐದು ಬೆಳ್ಳಿಯದ್ದು ಇದ್ದವು. ಅವನು ಸತ್ತದ್ದು ಕ್ರಿ.ಪೂ. 113ರಲ್ಲಿ. ಜೊತೆಗೆ 'ವೈದ್ಯ' ಎಂದು ಕೆತ್ತಿದ ಒಂದು ಬೋಗುಣಿ. ಚಿನ್ನದ ಸೂಜಿಗಳ ಹಿಡಿ ಚೌಕ, ಅದರ ತುದಿಗೆ ಸಣ್ಣ ಕಣ್ಣು. ಕಣ್ಣಿರುವ ಸೂಜಿ! ನಾನಂತೂ ಚಿತ್ರವನ್ನು ಎಷ್ಟು ಹೊತ್ತು ನೋಡಿದೆನೋ. ಅದೇ ರಾಜಕುಮಾರನ ಹೆಣಕ್ಕೆ ತೊಡಿಸಿದ್ದು ಹಸಿರು ಜೇಡ್ ಕಲ್ಲಿನ 2498 ಬಿಲ್ಲೆಗಳನ್ನು ಚಿನ್ನದ ತಂತಿಯಿಂದ ಹೊಲಿದ ಅಂಗಿ. ತಂತಿಯದೇ ತೂಕ ಸುಮಾರು ಒಂದು ಕಿಲೋ ನೂರು ಗ್ರಾಂ. ಅದನ್ನು ಹೊಲಿದವನ ಬೆರಳುಗಳನ್ನು ನೆನೆದರೆ ಅವನಿಗೂ ಒಬ್ಬ ವೈದ್ಯ ಬೇಕಾಗಿದ್ದಾನು.

ಇನ್ನು ಸೂಜಿ ಎಲ್ಲಿ ಇಳಿಯಬೇಕು ಎಂಬುದು. ನಾಳಗಳ ಬಗ್ಗೆ ಓದುವಾಗ ಇದು ನೀರಾವರಿ ಮಾಡಿ ಬದುಕಿದ ಜನ ಕಂಡ ಮೈ ಎಂಬುದು ಮನಸ್ಸಿಗೆ ಬಂದರೆ ಅರ್ಧ ಗೊಂದಲ ಕಳೆಯುತ್ತದೆ. ಹನ್ನೊಂದು ಇದ್ದದ್ದು ಹನ್ನೆರಡಾದವು, ಲಿಂಗ್‌ಶು ಅವನ್ನು ಚೀನದ ಹನ್ನೆರಡು ನದಿಗಳ ಜೊತೆ ಜೋಡಿಸಿತು. ಬೆರಳ ತುದಿಯಿಂದ ಮೊಣಕೈವರೆಗೆ, ಕಾಲ್ಬೆರಳಿಂದ ಮೊಣಕಾಲವರೆಗೆ ಇರುವ ಮುಖ್ಯ ಬಿಂದುಗಳಿಗೆ ಬಾವಿ, ಒರತೆ, ಹಳ್ಳ, ಹೊಳೆ, ಕಡಲು ಎಂದು ದರ್ಜೆ ಇಟ್ಟಿದ್ದಾರೆ. ಮೊಣಕಾಲಿನ ಕೆಳಗೆ ನನಗೆ ಹಾಕಿದ್ದು 'ಕಡಲು' ದರ್ಜೆಯ ಒಂದು ಬಿಂದು, ಹೆಸರು ಝುಸಾನ್‌ಲಿ. ಅದನ್ನು ಹುಡುಕುವಾಗ ಹುಡುಗಿ ಟೇಪು ಹಿಡಿಯಲಿಲ್ಲ. ಮಂಡಿಚಿಪ್ಪಿನ ಹೊರಗಿನ ಕುಳಿಯಿಂದ ನಾಲ್ಕು ಬೆರಳು ಕೆಳಗೆ, ಅದೂ ನನ್ನ ಬೆರಳಿನ ಲೆಕ್ಕದಲ್ಲಿ. ಮೈಗೆ ಮೈಯೇ ಅಳತೆಗೋಲು. ನಮ್ಮ ಸುಶ್ರುತನೂ ದೇಹವನ್ನು ಅವರವರ ಅಂಗುಲದಲ್ಲೇ ಅಳೆಯುತ್ತಾನೆ. ಟೇಪು ಮರೆತು ಬಂದ ದಿನ ಅಪ್ಪನೂ ಗೇಣು ಹಾಕಿಯೇ ಅಂಗಿ ಕತ್ತರಿಸುತ್ತಿದ್ದರು, ಆದರೆ ಅವರದು ಅವರ ಗೇಣು. ಅದಕ್ಕೇ ಕೆಲವರ ತೋಳು ಗಿಡ್ಡವಾಗುತ್ತಿತ್ತು.

ಬಿಂದುಗಳ ಲೆಕ್ಕ ಒಬ್ಬೊಬ್ಬರದು ಒಂದೊಂದಾಗಿತ್ತು. ಮೂರನೆಯ ಶತಮಾನದ ಹ್ವಾಂಗ್‌ಫು ಮಿ, ತಾನೇ ಪಾರ್ಶ್ವವಾಯು ಬಡಿದು ನರಳಿದ ಮೇಲೆ ವೈದ್ಯಗ್ರಂಥಗಳನ್ನು ಹಿಡಿದವನು, 349 ಬಿಂದುಗಳನ್ನು ಪಟ್ಟಿ ಮಾಡಿದ. ನಕಲು ಮಾಡುವವರ ಕೈಯಲ್ಲಿ ಪಟ್ಟಿಗಳು ಕೆಡುತ್ತ ಹೋದವು. ಕಡೆಗೆ ಸೊಂಗ್ ವಂಶದ ಆಸ್ಥಾನದಲ್ಲಿ ವಾಂಗ್ ವೈಯಿ ಎಂಬ ವೈದ್ಯ 1027ರಲ್ಲಿ ಆಳೆತ್ತರದ ಎರಡು ಕಂಚಿನ ಬೊಂಬೆಗಳನ್ನು ಎರಕ ಹೊಯ್ಯಿಸಿದ. ಮೈತುಂಬ ಬಿಂದುಗಳ ತೂತು, ಪಕ್ಕದಲ್ಲಿ ಹೆಸರು. ಪರೀಕ್ಷೆಯ ದಿನ ಬೊಂಬೆಗೆ ಹೊರಗಿನಿಂದ ಮೇಣ ಬಳಿದು ತೂತು ಮುಚ್ಚಿ, ಒಳಗೆ ನೀರು ತುಂಬುತ್ತಿದ್ದರಂತೆ. ಪಾದರಸ ಎನ್ನುವವರೂ ಇದ್ದಾರೆ. ವಿದ್ಯಾರ್ಥಿ ಚುಚ್ಚಿದ್ದು ಸರಿಯಾಗಿದ್ದರೆ ಹನಿ ಹೊರಗೆ, ತಪ್ಪಿದರೆ ಸೂಜಿ ಡೊಂಕು. ನಮ್ಮ ವಿಶ್ವವಿದ್ಯಾಲಯಗಳ ಬಹು ಆಯ್ಕೆಯ ಪ್ರಶ್ನೆಪತ್ರಿಕೆಗಿಂತ ಇದು ಸಾವಿರ ಪಾಲು ಮೇಲು.

ಆಮೇಲಿನ ಶತಮಾನಗಳನ್ನು ಬೇಗ ದಾಟುತ್ತೇನೆ, ಯಾಕೆಂದರೆ ಅಲ್ಲಿ ನಡೆದದ್ದು ಹೆಚ್ಚಾಗಿ ಇಳಿತ. ಓದಿದ ವೈದ್ಯರು ನಾಡಿ ಹಿಡಿದು ಕಷಾಯ ಬರೆಯುವುದನ್ನೇ ಮರ್ಯಾದೆಯ ಕೆಲಸ ಅಂದುಕೊಂಡರು. ರೋಗಿಯ ಮೈ ಮುಟ್ಟಿ ಚುಚ್ಚುವುದು ಕೈಕೆಲಸದವರ ಪಾಲಾಯಿತು. 1757ರಲ್ಲೇ ಶು ದಾಚುನ್ ಎಂಬ ವೈದ್ಯ ಸೂಜಿವಿದ್ಯೆ ಕಳೆದುಹೋಗುತ್ತಿದೆ, ಕಲಿಸಬಲ್ಲವರೇ ಇಲ್ಲ ಎಂದು ಕೊರಗಿದ. 1822ರಲ್ಲಿ ದಾವ್‌ಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಿಂದ ಆ ವಿಭಾಗವನ್ನೇ ತೆಗೆಸಿದ. ಪ್ರಭುವಿನ ಮೈಗೆ ಚುಚ್ಚುವುದು, ಸುಡುವುದು ತರವಲ್ಲ ಎಂಬುದು ಕಾರಣ. ನಾವು ಬಾಯಿ ತುಂಬ 'ಅಕ್ಯುಪಂಕ್ಚರ್' ಎನ್ನುತ್ತೇವಲ್ಲ, ಆ ಹೆಸರು ಕೊಟ್ಟವನೂ ಚೀನೀಯನಲ್ಲ. ಜಪಾನಿನ ದೇಜಿಮಾ ದ್ವೀಪದ ಡಚ್ ಕೋಠಿಯಲ್ಲಿ ವೈದ್ಯನಾಗಿದ್ದ ವಿಲೆಮ್ ಟೆನ್ ರೈನೆ 1683ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಲ್ಯಾಟಿನ್ ಪುಸ್ತಕದಲ್ಲಿ ಸೂಜಿ, ಚುಚ್ಚು ಎಂಬ ಎರಡು ಲ್ಯಾಟಿನ್ ಮಾತು ಸೇರಿಸಿ ಕಟ್ಟಿದ ಪದ ಅದು. ಸುಡುವ ಅರ್ಧ ಆ ಹೆಸರಿನಿಂದ ಹೊರಗೇ ಉಳಿಯಿತು. ಜಪಾನಿನದೇ ಇನ್ನೊಂದು ಕಾಣಿಕೆ ನಿಮ್ಮ ಚರ್ಮಕ್ಕೆ ತಾಗುತ್ತದೆ. ಹದಿನೇಳನೆಯ ಶತಮಾನದ ಸುಗಿಯಾಮಾ ವಾಯಿಚಿ ಎಂಬ ಕುರುಡ ವೈದ್ಯ ಬಳಕೆಗೆ ತಂದ ಕೊಳವೆ. ಅದನ್ನು ಚರ್ಮದ ಮೇಲೆ ನಿಲ್ಲಿಸಿ, ಒಳಗೆ ಸೂಜಿ ಬಿಟ್ಟು, ಮೇಲಿಂದ ಬೆರಳಲ್ಲಿ ಟಕ್ ಎಂದು ತಟ್ಟುತ್ತಾರೆ. ಆ ಕೊಳವೆ ಇದ್ದುದರಿಂದಲೇ ಅಷ್ಟು ತೆಳ್ಳನೆಯ ಸೂಜಿ ಬಾಗದೆ ಇಳಿಯುತ್ತದೆ.

1929ರಲ್ಲಿ ಚೀನದ ಸರ್ಕಾರವೇ ದೇಶೀ ವೈದ್ಯವನ್ನು ಮುಚ್ಚಿಹಾಕುವ ಯೋಚನೆಗೆ ಬಂದಿತ್ತು. ದೇಶೀ ವೈದ್ಯರು ಆ ಮಾರ್ಚ್ 17ರಂದು ಶಾಂಘಾಯ್‌ನಲ್ಲಿ ಸೇರಿ ಗಲಾಟೆ ಎಬ್ಬಿಸಿದ್ದರಿಂದ ಅದು ನಿಂತಿತು. ಅದೇ ಹೊತ್ತಿಗೆ ಜಿಯಾಂಗ್ಸು ಪ್ರಾಂತದಲ್ಲಿ ಚಂಗ್ ದಾನ್‌ಆನ್ ಎಂಬವನು ತನ್ನ ಕೆಲಸ ಶುರುಮಾಡಿದ್ದ. ಈ ಇಡೀ ಕಥೆಯಲ್ಲಿ ನನಗೆ ಬೇಕಾದ ಮನುಷ್ಯ ಇವನೇ. 1899ರಲ್ಲಿ ಹುಟ್ಟಿದವನು, ಮನೆತನದ ವೈದ್ಯ, ಪಾಶ್ಚಾತ್ಯ ವೈದ್ಯವನ್ನೂ ಓದಿಕೊಂಡವನು. ಸೊಂಟನೋವು, ನಿದ್ದೆಗೇಡು ಹಿಡಿದು ಯಾವ ಮದ್ದಿಗೂ ಬಗ್ಗದಿದ್ದಾಗ ಅವನ ಅಪ್ಪನೇ ಸೂಜಿ ಹಾಕಿ ಗುಣಪಡಿಸಿದ್ದರಿಂದ ಈ ಕಡೆ ತಿರುಗಿದ ಎನ್ನುತ್ತಾರೆ. 1931ರಲ್ಲಿ ಅವನ ಪುಸ್ತಕ ಬಂತು, 1933ರಲ್ಲಿ ಪತ್ರಿಕೆ ಶುರುವಾಯಿತು, ಅಂಚೆಯಲ್ಲಿ ಪಾಠ ಹೇಳಿದ, ಜಪಾನಿಗೆ ಹೋಗಿ ಅಲ್ಲಿಯ ಶಾಲೆಗಳನ್ನು ನೋಡಿ ಬಂದ.

ಅವನು ಮಾಡಿದ್ದು ಒಬ್ಬ ಒಳ್ಳೆಯ ಟೇಲರು ಹಳೆಯ ಕೋಟಿಗೆ ಮಾಡುವಂಥ ಕೆಲಸ. ಹೊಲಿಗೆ ಪೂರ ಬಿಚ್ಚಿ, ಇಂದಿನ ಮೈಗೆ ಕೂರುವಂತೆ ಮತ್ತೆ ಹೊಲಿದ. ಹಳೆಯ ನಕ್ಷೆಗಳಲ್ಲಿ ಎಷ್ಟೋ ಬಿಂದುಗಳು ರಕ್ತನಾಳದ ಮೇಲೆಯೇ ಇದ್ದವು, ಯಾಕೆಂದರೆ ಹಳೆಯ ಸೂಜಿಯ ಒಂದು ಕೆಲಸವೇ ರಕ್ತ ಬಿಡುವುದು. ಅಂಗರಚನಾಶಾಸ್ತ್ರದ ಚಿತ್ರ ಮುಂದಿಟ್ಟುಕೊಂಡು ಆ ಬಿಂದುಗಳನ್ನು ಅಪಾಯದ ಜಾಗದಿಂದ ಸರಿಸಿದ. ಒರಟು ಸೂಜಿ ಬಿಡಿಸಿ ಕೂದಲೆಳೆಯ ಸೂಜಿಯನ್ನು ಮುಂದೆ ತಂದ, ಅದನ್ನು ಶುದ್ಧಿ ಮಾಡಿ ಬಳಸಬೇಕೆಂದ. ನಾಳಗಳ ಬದಲು ನರಗಳ ಮಾತಾಡಿದ. ಇಂದು ನೀವು ನೋಡುವ ಬಣ್ಣದ ನಕ್ಷೆಯ ಹಿಂದೆ ಪೀತ ಚಕ್ರವರ್ತಿಗಿಂತ ಹೆಚ್ಚಾಗಿ ಕೂತಿರುವವನು ಚಂಗ್. ಫಲಕದ ಮೇಲೆ ಅವನ ಹೆಸರಿಲ್ಲ. ಹೊಸ ಹೊಲಿಗೆ ಅಂದರೆ ಗಿರಾಕಿ ಬರುವುದಿಲ್ಲವೇನೋ.

ಮುಂದಿನ ಹೆಜ್ಜೆ ಇಟ್ಟವಳು ಝು ಲಿಯಾನ್, ಕಮ್ಯುನಿಸ್ಟ್ ಪಡೆಯ ಜೊತೆಗಿದ್ದ ಡಾಕ್ಟರಮ್ಮ. 1951ರಲ್ಲಿ ಬಂದ ಅವಳ ಪುಸ್ತಕದ ಹೆಸರೇ 'ಹೊಸ ಅಕ್ಯುಪಂಕ್ಚರ್'. ಔಷಧಿಯಿಲ್ಲ, ಡಾಕ್ಟರಿಲ್ಲ, ಕರೆಂಟಿಲ್ಲದ ಹಳ್ಳಿಗಳಲ್ಲಿ ಸೂಜಿಗಿಂತ ಅಗ್ಗದ ಸಲಕರಣೆ ಬೇರೆ ಇರಲಿಲ್ಲ. ಆಮೇಲೆ 1960ರ ದಶಕದ ಕೊನೆಗೆ ಅಷ್ಟಿಷ್ಟು ಕಲಿತು ಹಳ್ಳಿಗಳಲ್ಲಿ ಚಿಕಿತ್ಸೆ ಕೊಡುತ್ತಿದ್ದ 'ಬರಿಗಾಲು ವೈದ್ಯರ' ಚೀಲದಲ್ಲೂ ಅದು ಸೇರಿತು. ಮಾವೋ ಈ ವೈದ್ಯವನ್ನು ದೇಶದ ನಿಧಿ ಎಂದು ಹೊಗಳಿಸಿದ. ತನಗೆ ಮಾತ್ರ ಅದರಲ್ಲಿ ನಂಬಿಕೆ ಇಲ್ಲ ಅಂತಿದ್ದನೆಂದು ಅವನ ಖಾಸಗಿ ಡಾಕ್ಟರು ಬರೆದಿದ್ದಾರೆ. ಆಳುವವರ ಸ್ವಭಾವ ಎಲ್ಲ ಕಡೆಯೂ ಒಂದೇ.

ಇಲ್ಲಿಗೆ ನಮ್ಮ ಕಡೆಯ ಎಳೆ ಸೇರುತ್ತದೆ. ಅವ್ವನ ತವರು ಸೊಲ್ಲಾಪುರ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ರಜೆಗೆ ಹೋದಾಗಲೆಲ್ಲ ಅಜ್ಜ ಡಾಕ್ಟರ್ ಕೋಟ್ನಿಸರ ಕಥೆ ಹೇಳುತ್ತಿದ್ದರು. ಜಪಾನ್ ಚೀನದ ಮೇಲೆ ಬಿದ್ದಾಗ ಇಲ್ಲಿಂದ ಐವರು ಡಾಕ್ಟರುಗಳು 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದರು: ಅಟಲ್, ಚೋಳ್ಕರ್, ಕೋಟ್ನಿಸ್, ಬಸು, ಮುಖರ್ಜಿ. ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರು ಮರಳಲಿಲ್ಲ. ಅಲ್ಲಿಯ ದಾದಿ ಗುವೊ ಚಿಂಗ್‌ಲಾನ್‌ರನ್ನು ಮದುವೆಯಾಗಿ, ಮಗನಿಗೆ ಭಾರತ-ಚೀನ ಎಂಬ ಅರ್ಥ ಬರುವ ಯಿನ್‌ಹುವಾ ಎಂಬ ಹೆಸರಿಟ್ಟು, 1942ರ ಡಿಸೆಂಬರ್ 9ರಂದು ಮೂವತ್ತೆರಡರ ವಯಸ್ಸಿಗೆ ತೀರಿಕೊಂಡರು. ಅಜ್ಜನ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಅವರ ಮೇಲೆ ಶಾಂತಾರಾಮರು ತೆಗೆದ ಸಿನಿಮಾದ ಕಥೆಯೂ ಸುಮಾರು ಅಲ್ಲಿಗೇ. ನಾನೂ ಅಷ್ಟನ್ನೇ ತಿಳಿದಿದ್ದೆ. ಮರಳಿ ಬಂದವರಲ್ಲಿ ಒಬ್ಬರಾದ ಕಲ್ಕತ್ತಾದ ಬಿಜಯ್ ಕುಮಾರ್ ಬಸು ಮುಂದೆ ಮತ್ತೆ ಚೀನಕ್ಕೆ ಹೋಗಿ ಸೂಜಿವಿದ್ಯೆ ಕಲಿತು 1959ರಲ್ಲಿ ಕಲ್ಕತ್ತಾದಲ್ಲಿ ಅದರ ಚಿಕಿತ್ಸೆ ಆರಂಭಿಸಿದರು ಎಂಬುದು ಗೊತ್ತಾದದ್ದು ಮೊಣಕಾಲು ನೋವು ಬಂದ ಮೇಲೆ. ಭಾರತದಲ್ಲಿ ಈ ಸೂಜಿ ನೆಲೆನಿಂತದ್ದು ಆ ಹಡಗಿನ ಒಬ್ಬ ಪ್ರಯಾಣಿಕನಿಂದ. ಮೂರು ವರ್ಷದಲ್ಲಿ ಎರಡು ದೇಶಗಳಿಗೂ ಯುದ್ಧವಾಯಿತು. ಚೀನದ ಹೆಸರು ಹೊತ್ತ ವಿದ್ಯೆಯನ್ನು ಆಮೇಲೂ ಬಿಡದೆ ನಡೆಸಿದರಲ್ಲ, ಅದಕ್ಕೆ ಎಂಟೆದೆ ಬೇಕು.

ಅಮೆರಿಕದವರ ಕಥೆ ಎಲ್ಲರಿಗೂ ಗೊತ್ತು, ಅದೂ ತಪ್ಪಾಗಿ. ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ 1971ರ ಜುಲೈಯಲ್ಲಿ ಪೀಕಿಂಗಿನಲ್ಲಿ ಬರೀ ಸೂಜಿ ಚುಚ್ಚಿ ಅಪೆಂಡಿಕ್ಸ್ ಆಪರೇಷನ್ ಮಾಡಿದರು ಎನ್ನುತ್ತಾರೆ. ಅವನೇ ಬರೆದಿರುವ ಪ್ರಕಾರ ಆಪರೇಷನ್ ಮಾಡಿದ್ದು ಮಾಮೂಲಿ ಅರಿವಳಿಕೆ ಕೊಟ್ಟು. ಆಮೇಲೆ ಹೊಟ್ಟೆಯುಬ್ಬರ ಬಂದಾಗ ಮೊಣಕೈಗೂ ಮೊಣಕಾಲಿನ ಕೆಳಗೂ ಮೂರು ಸೂಜಿ ಹಾಕಿ, ಹೊಟ್ಟೆಯ ಹತ್ತಿರ ಆಯ್ ಎಲೆ ಉರಿಸಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್‌ನ ಚೀನ ಭೇಟಿಯ ಕಾವಿನಲ್ಲಿ ಗ್ಯಾಸ್ ಹೋದ ಸುದ್ದಿ ಆಪರೇಷನ್ನಿನ ಸುದ್ದಿಯಾಗಿ ಬೆಳೆಯಿತು.

ಹಾಗಾದರೆ ಇದರಿಂದ ಗುಣವಾಗುತ್ತದೆಯೋ? ಜರ್ಮನಿಯಲ್ಲಿ ನನ್ನಂಥ ಮೊಣಕಾಲಿನ ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಶಾಸ್ತ್ರೋಕ್ತ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಆರು ತಿಂಗಳ ನಂತರ ಶೇಕಡ 53 ಜನರಿಗೆ ಗುಣ ಕಂಡಿತು. ಸೂಜಿಯಿಲ್ಲದೆ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡ 29. ಸೂಜಿಯವರು ಇಲ್ಲಿಗೆ ನಿಲ್ಲಿಸುತ್ತಾರೆ. ಮೂರನೆಯ ಗುಂಪೊಂದಿತ್ತು. ಅವರಿಗೆ ಬಿಂದುವಲ್ಲದ ಕಡೆ, ಮೇಲುಮೇಲೆ ಚುಚ್ಚಿದ್ದರು. ಅವರಲ್ಲಿ ಶೇಕಡ 51. ಕಂಚಿನ ಬೊಂಬೆಗೆ ಮೇಣ ಬಳಿದು ಪರೀಕ್ಷೆ ಮಾಡಿದವರಿಗೆ ಈ ಮೂರನೆಯ ಅಂಕಿ ತೋರಿಸಬೇಕಿತ್ತು. ಸೂಜಿಯಿಂದ ಏನೋ ಆಗುತ್ತದೆ, ನಕ್ಷೆಯಿಂದ ಎಷ್ಟಾಗುತ್ತದೋ ಅನುಮಾನ ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ನನ್ನ ಮಟ್ಟಿಗೆ ಹತ್ತು ಸಲ ಮಲಗಿದ ಮೇಲೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ತಪ್ಪಿದೆ. ಹತ್ತುವಾಗ ಇನ್ನೂ ಹಿಡಿಯುತ್ತೇನೆ. ಸವೆದ ಕೀಲು ಇದರಿಂದ ಬೆಳೆಯುವುದಿಲ್ಲ ಎಂದು ಹುಡುಗಿಯೇ ಮೊದಲ ದಿನ ಹೇಳಿದ್ದಳು.

ಹೋಗುವವರು ಹಸಿದು ಹೋಗಬೇಡಿ, ತಲೆ ತಿರುಗುತ್ತದೆ. ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಿದ್ದರೆ, ಬಸುರಿಯಾಗಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಕೇಳುವ ಮೊದಲೇ ಹೇಳಿ. ಎದೆ, ಹೆಗಲ ಮೇಲೆ ಆಳಕ್ಕೆ ಇಳಿಸಿದರೆ ಶ್ವಾಸಕೋಶಕ್ಕೆ ತೂತು ಬೀಳುವುದು ಅಪರೂಪವಾದರೂ ಉಂಟು. ಅದಕ್ಕೇ ಕಲಿತವರ ಕೈಯೇ ಬೇಕು. ಪೊಟ್ಟಣ ನಿಮ್ಮ ಕಣ್ಣೆದುರೇ ಹರಿಯಲಿ. ಸೂಜಿ ಇಳಿದಾಗ ಇರುವೆ ಕಚ್ಚಿದಷ್ಟು, ಆಮೇಲೆ ಅದನ್ನು ತಿರುವಿದಾಗ ಒಳಗೆಲ್ಲೋ ಭಾರ, ಜೋಮು, ಕಾಲು ಉಬ್ಬಿದ ಹಾಗೆ ಒಂದು ಸೆಳೆತ. ಚೀನೀಯರು ಅದಕ್ಕೆ 'ದಚೀ' ಎನ್ನುತ್ತಾರೆ, ಚೀ ಬಂತು ಅಂತ. ಚೀ ಎಂದರೆ ಆ ನಾಳಗಳಲ್ಲಿ ಹರಿಯುತ್ತದೆ ಎಂದು ಅವರು ನಂಬುವ ಪ್ರಾಣಶಕ್ತಿ. ಗಾಳ ಹಾಕಿ ಕೂತವನಿಗೆ ಮೀನು ಜಗ್ಗಿದ್ದು ತಿಳಿಯುತ್ತದಲ್ಲ, ಹಾಗೆ ಬೆರಳಿಗೂ ತಿಳಿಯುತ್ತದೆ ಎಂದಳು ಹುಡುಗಿ. ಅವಳು ಕಾರವಾರದ ಕಡೆಯವಳು.

ಹತ್ತನೆಯ ಸಲ ಮುಗಿದಾಗ ಅವಳು ಕಾಲಿನಿಂದ ಒಂದೊಂದೇ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಟಿಣ್, ಟಿಣ್. ಕೈಯಿಂದ ಕೊನೆಯದನ್ನು ಎಳೆದು ಹತ್ತಿ ಒತ್ತಿ, "ಮುಗೀತ್ರಿ ಮೇಡಂ, ಎದ್ದೇಳ್ರಿ" ಎಂದಳು.

"ಎಷ್ಟಾದವು?"

"ಹತ್ತು."

"ಹನ್ನೊಂದು ಹಾಕಿದ್ದಿ."

ಅವಳು ನನ್ನ ಕಾಲು ನೋಡಿದಳು, ಕೈ ನೋಡಿದಳು, ಹಾಸಿಗೆಯ ಬಟ್ಟೆ ಕೊಡವಿದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ನನ್ನ ಬಿಳಿಗೂದಲೊಳಗೆ ಬೆರಳಾಡಿಸಿ, ನೆತ್ತಿಯ ಮೇಲೆ ನಿಂತಿದ್ದ ಬಾಯ್‌ಹುಯ್ ಬಿಂದುವಿನ ಸೂಜಿಯನ್ನು ಹಿಡಿದೆಳೆದಳು.